ಎಡಬಾಗಿಲಿನ ಹೆಸರು

೧೯೮೯ರ ಅಕ್ಟೋಬರ್ ೧೪, ಶನಿವಾರ ಬೆಳಿಗ್ಗೆ ಕೊವೆಂಟ್ರಿಯ ಠಾಣೆಗೆ ದೂರು ಬಂತು. ಹಳೆ ಕಾರುಗಳ ಕ್ಲಬ್ಬಿನ ಷೆಡ್ಡಿನಲ್ಲಿದ್ದ ಜಾಗ್ವಾರ್ ಮಾರ್ಕ್ ಟು ಕಾರಿಗೆ ಯಾರೋ ಹಾನಿ ಮಾಡಿದ್ದರು.

ಇನ್‌ಸ್ಪೆಕ್ಟರ್ ಹಾರ್ಕರ್ ಕಾನ್‌ಸ್ಟೇಬಲ್ ಪೆಗ್ಗಿಯೊಡನೆ ಹೋದ. ಒಳಗೆ ಮರದ ಡ್ಯಾಶ್‌ಬೋರ್ಡ್, ಚರ್ಮದ ಸೀಟು. ಸಾಹೇಬರು ಕಚೇರಿಗೆ ಹೋಗುವಂಥ ಕಾರು. ಅರವತ್ತರ ದಶಕದಲ್ಲಿ ಅದು ರೇಸಿಗಿಳಿದರೆ ಮಾತ್ರ ಉಳಿದವರಿಗೆ ಹೊಗೆಯೇ ಗತಿ. ಮಾಲೀಕ ಲ್ಯಾತ್‌ಬರಿ ಕೆಂಡಾಮಂಡಲವಾಗಿದ್ದ.

"ಎದುರು ಕ್ಲಬ್ಬಿನವರದೇ ಕೆಲಸ ಸಾರ್, ಹೊಟ್ಟೆಕಿಚ್ಚು! ನಾಳೆ ಮೆರವಣಿಗೆ ಇದೆ."

ಬಲಬಾಗಿಲಿನ ಮೇಲೆ ಅಂದಿನ ಚಾಲಕ ಆನ್‌ಸ್ಟಿಯ ಹೆಸರು ಹಾಗೇ ಇತ್ತು. ಎಡಬಾಗಿಲಿನ ಮೇಲೆ ಗುರುವಾರವಷ್ಟೇ ಬಿಳಿ ಬಣ್ಣದಲ್ಲಿ ಬರೆಸಿದ್ದ ಹೆಸರನ್ನು ಅಕ್ಷರ ಅಕ್ಷರವಾಗಿ ಕೆರೆದಿದ್ದರು. ಕೆಳಗಿನ ಬಣ್ಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಹೊಟ್ಟೆಕಿಚ್ಚಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು?

"ಇಲ್ಲಿದ್ದ ಹೆಸರು ಯಾರದು?"

"ಸಿರಿಲ್ ಪಾರ್ಡೋ. ಆನ್‌ಸ್ಟಿ ಪಕ್ಕ ಕೂತು ನಕ್ಷೆ ನೋಡಿ ದಾರಿ ಹೇಳೋನು. ಅರವತ್ತೆರಡರ ರ‍್ಯಾಲಿಲಿ ತಿರುವು ತಪ್ಪು ಹೇಳಿ ಗೋಡೆಗೆ ಹೊಡೆಸಿದ, ತಾನೇ ಸತ್ತ. ಆನ್‌ಸ್ಟಿ ಆ ಕತೆ ಹೇಳ್ತಿದ್ರೆ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗುತ್ತೆ. ನಾಳೆ ಮೈಕಲ್ಲಿ ಹೇಳ್ತಾರೆ, ಕಾರಿನ ಪಕ್ಕದಲ್ಲೇ ನಿಂತು."

"ಮನೆಯವರು ಯಾರಾದ್ರೂ ಇದಾರಾ?"

"ಹೆಂಡತಿ ಆಲ್ವೆನ್. ನಿನ್ನೆ ಬಂದು ಟೀ ಕುಡಿದು ಹೋದ್ಲು, ಪಾಪ."

ಪೆಗ್ಗಿ ಟೀ ಟ್ರೇ ತಡಕಿದಳು. ಬೆಣ್ಣೆ ಸವರುವ ಚಾಕುವಿನ ಅಂಚಿಗೆ ಬಿಳಿ ಬಣ್ಣ ಅಂಟಿತ್ತು. ಅಲ್ಲೇ ಪಂಚನಾಮೆ ಮಾಡಿದರು.

ಮಧ್ಯಾಹ್ನ ಆಲ್ವೆನ್ ಬಾಗಿಲು ತೆರೆದಾಗ ಕೋಟು ತೊಟ್ಟೇ ಇದ್ದಳು.

"ಒಲೆ ಆರಿಸಿದೀನಿ, ನಡೀರಿ."

"ನೀವೇ ಮಾಡಿದ್ದಾ ಅಮ್ಮಾ?"

"ನಾನೇ. ಈ ಸಲನಾದ್ರೂ ಆ ಕತೆ ಬಿಡಪ್ಪಾ ಅಂತ ಆನ್‌ಸ್ಟಿನ ಬೇಡ್ಕೊಂಡೆ. ಜನ ಕೇಳ್ತಾರೆ, ಏನ್ಮಾಡ್ಲಿ ಅಂದ. ಸಿರಿಲ್ ಹೇಳಿದ್ದು ತಪ್ಪೋ ಸರಿಯೋ ನಂಗೊತ್ತಿಲ್ಲ. ಹೇಳೋಕೆ ಅವನೇ ಇಲ್ವಲ್ಲ. ಇಷ್ಟು ವರ್ಷ ನಕ್ಕಿದ್ದು ಸಾಲ್ದಾ?"

"ಆನ್‌ಸ್ಟಿ ಹೆಸರು ಯಾಕೆ ಬಿಟ್ರಿ?"

"ಅದು ಅವನದು. ಅವನೇ ಹೊತ್ಕೊಳ್ಳಲಿ."

ದಾರಿಯಲ್ಲಿ ಆಲ್ವೆನ್ ಒಂದೇ ಮಾತು ಕೇಳಿದಳು. "ನಾಳೆಗೆ ಮತ್ತೆ ಬರೀತಾರಾ?"

ಠಾಣೆಯಲ್ಲಿ ಬಂಧನ ದಾಖಲಾಯಿತು. ವಶಪಡಿಸಿಕೊಂಡ ವಸ್ತುಗಳಲ್ಲಿ ಚಾಕುವಿನ ಕೆಳಗೆ ಹಾರ್ಕರ್ ಇನ್ನೊಂದು ಸಾಲು ಸೇರಿಸಿದ: ಕಾರು ಸಹ ಸಾಕ್ಷ್ಯ, ವಿಚಾರಣೆ ಮುಗಿಯುವವರೆಗೆ ಠಾಣೆಯ ಅಂಗಳದಲ್ಲಿರತಕ್ಕದ್ದು.

ಫೋನಿನಲ್ಲಿ ಲ್ಯಾತ್‌ಬರಿ ಅರಚಿದ. "ಮೆರವಣಿಗೆ ಗತಿ ಏನ್ರೀ?"

"ಕಾನೂನು ಸಾರ್."

ಕಾರಿಲ್ಲದಿದ್ದರೂ ಆನ್‌ಸ್ಟಿಗೆ ಬಾಯಿದೆ, ಇನ್ನೊಂದು ದಿನ ಹೇಳಿಯೇ ಹೇಳುತ್ತಾನೆ. ಅದು ಹಾರ್ಕರನಿಗೂ ಗೊತ್ತಿತ್ತು, ಆಲ್ವೆನ್‌ಗೂ ಗೊತ್ತಿತ್ತು. ಕಿಟಕಿಯಾಚೆ ಕಾರನ್ನು ಎಳೆದು ತಂದು ನಿಲ್ಲಿಸುವುದನ್ನು ಅವಳು ನೋಡಿದಳು.

"ಒಂದು ಭಾನುವಾರನಾದ್ರೂ ಸಿಕ್ತಲ್ಲ ಸಿರಿಲ್‌ಗೆ," ಎಂದಳು.