ಓದದ್ದು ಸೊನ್ನೆ

ಏಳು ತಿಂಗಳಿಂದ ಗುರುಸಂಗಪ್ಪನ ಹೆಸರು ದಪ್ಪಕ್ಷರದಲ್ಲಿತ್ತು. ಐದು ತಾಲ್ಲೂಕುಗಳ ಮೋಟಾರ್ ವೈಂಡಿಂಗ್ ಮೆಕ್ಯಾನಿಕ್‌ಗಳು ಸೇರುವ ಆನ್‌ಲೈನ್ ಫೋರಂ ಅದು. ಅದನ್ನು ನಡೆಸುವ ಅರುಣಕುಮಾರ್ ಎಲ್ಲಕ್ಕಿಂತ ಮೇಲೆ ಬರೆದು ಅಂಟಿಸಿದ್ದ: ಕೊಟ್ಟೂರಿನ ಗುರುಸಂಗಪ್ಪ ಕಟ್ಟಿದ ಮೋಟಾರ್ ಮುಟ್ಟಬೇಡಿ, ಇಟ್ಟಿಗಿಯಲ್ಲಿ ಒಬ್ಬರಿಗೆ ಶಾಕ್ ಹೊಡೆದು ಕೈ ಹೋಗಿದೆ. ಆ ಮೋಟಾರ್ ಜೋಡಿಸುವಾಗ ಅರ್ಥಿಂಗ್ ಕೊಡದೆ ಬಿಟ್ಟವನು ಅರುಣಕುಮಾರನೇ. ಗುರುಸಂಗಪ್ಪ ಅದನ್ನು ಎಷ್ಟು ಸಲ ಬರೆದರೂ ನಂಬಿದವರಿಲ್ಲ. ಅಂಗಡಿಗೆ ಮೋಟಾರ್ ಬರುವುದು ನಿಂತಿತು.

ಓದಿದ ಮೇಲೆ ಆ ಶೀರ್ಷಿಕೆ ತೆಳ್ಳಗಾಗುತ್ತಿತ್ತು. ಆದರೆ ಯಾರಾದರೊಬ್ಬರು ಕೆಳಗೆ ಒಂದು ಕುಹಕ ಸೇರಿಸಿದರೆ ಸಾಕು, ಎಲ್ಲರ ಪರದೆಯಲ್ಲೂ ಮತ್ತೆ ದಪ್ಪ. “ಸಂಗಪ್ಪಣ್ಣ ಕಟ್ಟಿದ ಮೋಟಾರ್ ನೀರು ಎತ್ತಂಗಿಲ್ಲ, ಮನುಷ್ಯಾರನ್ನ ಎತ್ತತೈತಿ” ಎಂದು ಹಡಗಲಿಯವನೊಬ್ಬ ಬರೆದ ದಿನ, ಗುರುಸಂಗಪ್ಪ ಅರುಣಕುಮಾರನ ಬುರುಡೆ ಎಲ್ಲಿ ತೆಳುವಾಗಿರಬಹುದು ಎಂದು ಯೋಚಿಸತೊಡಗಿದ.

ಫೋರಂನ ಇನ್ನೊಂದು ಗುಣ ಅವನಿಗೆ ಹಿಡಿಸಿತು. ಪ್ರತಿ ಬರಹದ ಅಡಿಯಲ್ಲೂ ಯಾರು, ಎಷ್ಟು ಹೊತ್ತಿಗೆ ಓದಿದರು ಎಂಬುದು ಕಾಣುತ್ತಿತ್ತು. ಅದಕ್ಕೆ ಮನುಷ್ಯನ ಕಣ್ಣು ಗೊತ್ತಿಲ್ಲ. ಪುಟ ತೆರೆದರೆ ಓದಿದಂತೆ. ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಕೂರಿಸಿದ. ಅದು ದಪ್ಪಕ್ಷರದವನ್ನು ಹುಡುಕಿ ಅವನ ಹೆಸರಿನಲ್ಲಿ ಒಂದೊಂದಾಗಿ ತೆರೆಯುತ್ತಿತ್ತು. ಒಮ್ಮೆ ನಾಲ್ಕು ನಿಮಿಷಕ್ಕೆ, ಒಮ್ಮೆ ಹನ್ನೊಂದಕ್ಕೆ, ನಡುವೆ ಚಹಾ ಕುಡಿಯುವ ಮನುಷ್ಯನ ಹಾಗೆ. ಎರಡು ವಾರ ಪರೀಕ್ಷಿಸಿದ. ಒಮ್ಮೆಯೂ ತಪ್ಪಲಿಲ್ಲ.

ಗುರುವಾರ ಮಧ್ಯಾಹ್ನ ಶಟರ್ ಎಳೆದು, ಫೋನನ್ನು ಅಂಗಡಿಯಲ್ಲೇ ಬಿಟ್ಟು, ಹಿಂಬಾಗಿಲಿಂದ ಹೊರಟ. ಹಂಪಸಾಗರದ ಹೊಳೆದಂಡೆಯಲ್ಲಿ ಹಾಳುಬಿದ್ದ ಪಂಪ್‌ಹೌಸ್ ಒಂದಿದೆ. ಇಬ್ಬರೇ ಕೂತು ಬಗೆಹರಿಸೋಣ ಎಂದು ಹಿಂದಿನ ದಿನ ಅರುಣಕುಮಾರನನ್ನು ಎದುರಿಗೇ ಸಿಕ್ಕು ಅಲ್ಲಿಗೆ ಕರೆದಿದ್ದ. ಫೋನಿನಲ್ಲಿ ಗುರುತು ಉಳಿಯಬಾರದು.

ಅರುಣಕುಮಾರ್ ಬಾಗಿಲಲ್ಲೇ ನಿಂತಿದ್ದ, ಕೈಯಲ್ಲಿ ಫೋನು.

“ಬಾರಲೇ ಸಂಗ. ಸಿಟ್ಟು ಇನ್ನೂ ಇಳಿದಿಲ್ಲೇನು?”

“ಏಳು ತಿಂಗಳಾತು. ಹೆಂಗ ಇಳೀತೈತಿ?”

“ಒಳಗ ಬಾ. ಒಂದು ಮಾತು ಹೇಳಬೇಕು.”

“ನಿನ್ನ ಮಾತು ಊರೆಲ್ಲಾ ಓದೈತಿ.”

ಅರುಣಕುಮಾರ್ ನಕ್ಕು ಒಳಗೆ ತಿರುಗಿದ. ಮೊದಲ ಏಟು ಕಿವಿಯ ಹಿಂದೆ ಬಿತ್ತು. ಪಂಪಿನ ಶಾಫ್ಟು, ಒಂದೂವರೆ ಅಡಿಯ ಉಕ್ಕು. ಒಣಗಿದ ಸೋರೆಬುರುಡೆ ಒಡೆದಂಥ ಸದ್ದು. ಅವನು ಮೊಣಕಾಲೂರಿ ಏನೋ ಹೇಳಲು ನೋಡಿದ. ಎರಡನೆಯ ಏಟು ಹಲ್ಲುಗಳನ್ನು ಮಾತಿನ ಜೊತೆಗೇ ಒಳಗೆ ತಳ್ಳಿತು. ಗುರುಸಂಗಪ್ಪ ಏಳು ಏಟು ಹಾಕಿದ, ತಿಂಗಳಿಗೊಂದರಂತೆ. ಕೊನೆಯ ಮೂರು ಬೇಕಿರಲಿಲ್ಲ. ರಕ್ತ ಸಿಮೆಂಟಿನ ಬಿರುಕು ಹಿಡಿದು ಬಾಗಿಲ ಕಡೆ ಹರಿಯಿತು. ಅವನ ಫೋನು, ಶಾಫ್ಟು, ತನ್ನ ಅಂಗಿ, ಮೂರೂ ಹೊಳೆಗೆ ಹೋದವು.

ಐದೂವರೆಗೆ ಅಂಗಡಿಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು ಪರದೆ ನೋಡಿದ. ಎಲ್ಲ ಶೀರ್ಷಿಕೆಗಳೂ ತೆಳ್ಳಗೆ. ಓದದ ಬರಹಗಳು: ಸೊನ್ನೆ. ಎಲ್ಲಕ್ಕಿಂತ ಮೇಲೆ ಅಂಟಿಸಿದ್ದ ಆ ಸಾಲೂ ತೆಳ್ಳಗಿತ್ತು. ದಪ್ಪವಿಲ್ಲದ್ದನ್ನು ತೆರೆದು ನೋಡುವ ಅಭ್ಯಾಸ ಯಾರಿಗಿರುತ್ತದೆ. ಪ್ರೋಗ್ರಾಂ ಅಳಿಸಿ ಹಾಕಿದ.

ಏಳಕ್ಕೆ ಪಿಎಸ್‌ಐ ಪುಷ್ಪಲತಾ ಬಂದರು.

“ಮಧ್ಯಾಹ್ನ ಎಲ್ಲಿದ್ರಿ?”

“ಇಲ್ಲೇರಿ ಮೇಡಂ. ಫೋರಂ ಓದಿಕೋತ ಕೂತಿದ್ದೆ. ಟೈಮ್ ಸೈತ ಐತಿ, ನೋಡ್ರಿ.”

“ಎಲ್ಲಾ ನೀವ ಓದೀರಿ?”

“ಒಂದೂ ಬಿಟ್ಟಿಲ್ರಿ.”

ಪುಷ್ಪಲತಾ ಮೇಲೆ ಅಂಟಿಸಿದ್ದ ಆ ಸಾಲನ್ನೇ ಒತ್ತಿ ಪುಟವನ್ನು ಕೊನೆಯವರೆಗೆ ಸರಿಸಿದರು. ಅರುಣಕುಮಾರನ ಬರಹ, 3.05: “ಇಟ್ಟಿಗಿ ಮೋಟಾರಿನ ತಪ್ಪು ನಂದು, ಸಂಗಪ್ಪಂದಲ್ಲ. ಅವನ ಕಾಲು ಹಿಡಿಯಾಕ ಹಂಪಸಾಗರಕ್ಕ ಬಂದೀನಿ. ಅಗಾ, ಬರಾಕತ್ಯಾನ.” ಜೊತೆಗೊಂದು ಚಿತ್ರ: ಪಂಪ್‌ಹೌಸಿನ ಬಾಗಿಲಿಂದ ತೆಗೆದದ್ದು, ದಂಡೆ ಇಳಿದು ಬರುತ್ತಿರುವ ಗುರುಸಂಗಪ್ಪ. ಅವನು ಅದನ್ನು ನೋಡಿದ್ದು ಈಗಲೇ ಮೊದಲು. ಅವನ ಪರವಾಗಿ ಪ್ರೋಗ್ರಾಂ ಆಗಲೇ ಓದಿ ತೆಳ್ಳಗೆ ಮಾಡಿತ್ತು. ಅಡಿಯಲ್ಲಿ, ಓದಿದವರ ಪಟ್ಟಿಯಲ್ಲಿ, ಎಲ್ಲರಿಗಿಂತ ಮೊದಲು ಅವನ ಹೆಸರಿತ್ತು: 3.09.