ಗಿರಣಿಯ ಕೈಮಾತು

ಧಡಾರ್!

ಶಾಂಭವಿಯ ಕೈಯಲ್ಲಿದ್ದ ಪೆನ್ಸಿಲ್ ಹಾರಿ ಬಿತ್ತು. ತಗಡಿನ ಮಾಡಿನಿಂದ ಕೆಂಪು ಧೂಳು ಜರಜರ ಸುರಿಯಿತು. ಹೊರಗೆ ಹಳೆಯ ಗಿರಣಿ ಕೆಡವುವ ಜೆಸಿಬಿ ಗುರ್ರೆನ್ನುತ್ತಿತ್ತು.

“ಇವತ್ತು ರವಿವಾರ ಅಲ್ಲಾ? ರಜಾ ದಿನಾನೂ ಕೆಡವಾಕತ್ತಾರ?” ಎಂದಳು. ಯಾರಿಗೆ ಹೇಳಿದಳೋ ಏನೋ! ಅಷ್ಟು ದೊಡ್ಡ ಶೆಡ್ಡಿನಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ಪಾರಿವಾಳಗಳು. ಅವೂ ಪಟಪಟನೆ ಹಾರಿಹೋಗಿದ್ದವು.

ಹಿಂದಿನ ಗೋಡೆಯ ಕಂಡಿಯಲ್ಲಿ ನುಸುಳಿ ಅವಳು ಒಳಗೆ ಬಂದದ್ದು ಮ್ಯಾಪಿಗಾಗಿ. ಐದನೇ ಕ್ಲಾಸಿನ ಗೋದಾವರಿ ಟೀಚರ್ ಪ್ರಾಜೆಕ್ಟ್ ಕೊಟ್ಟಿದ್ದರು. ನೀವು ವಾಸಿಸುವ ಬಸ್ತಿಯಲ್ಲಿ ಮೊದಲು ಏನಿತ್ತು, ಈಗ ಏನಿದೆ, ಮ್ಯಾಪ್ ಬರೆದು ತೋರಿಸಬೇಕು.

ಶಾಂಭವಿಯ ಮನೆ ನಾರಾಯಣಗೂಡದಿಂದ ಒಂದಿಷ್ಟು ದೂರ, ಹಳೆಯ ಬಟ್ಟೆ ಗಿರಣಿಯ ಕೆಲಸಗಾರರ ಸಾಲುಮನೆಗಳ ಚಾಳಿನಲ್ಲಿ. ಗಿರಣಿ ಮುಚ್ಚಿದಾಗ ಅವಳ ಅಪ್ಪ ಇನ್ನೂ ಶಾಲೆಗೆ ಹೋಗುತ್ತಿದ್ದ. ಆದರೂ ಬಸ್ತಿಯ ಹೆಸರುಗಳೆಲ್ಲ ಗಿರಣಿಯವೇ. ಬಿಸಿನೀರ ಗಲ್ಲಿಗೆ ಹಿಂದೆ ಬಾಯ್ಲರಿನಿಂದ ಬಿಸಿನೀರು ಬರುತ್ತಿತ್ತಂತೆ. ಈಗ ನಳದಲ್ಲಿ ತಣ್ಣೀರೂ ನೆಟ್ಟಗೆ ಬರುವುದಿಲ್ಲ! ಶಾಲೆಯ ಹಿಂದಿನ ನಾಲೆ ಒಂದು ದಿನ ಕೆಂಪಗೆ, ಮರುದಿನ ನೀಲಿಯಾಗಿ ಹರಿಯುತ್ತಿತ್ತಂತೆ. ನೂಲಿಗೆ ಬಣ್ಣ ಹಾಕಿದ ನೀರು ಅದು.

ಇದನ್ನೆಲ್ಲ ಹೇಳಿದವನು ಮುತ್ಯಾ ಮೌನಪ್ಪ, ಅವಳ ಅಪ್ಪನ ಅಪ್ಪ. ಯಾದಗಿರಿ ಕಡೆಯಿಂದ ಬಂದು, ಇದೇ ಶೆಡ್ಡಿನಲ್ಲಿ ಮಗ್ಗ ನಡೆಸಿದವನು. “ರವಿವಾರ ನಾನಽ ಕರಕೊಂಡು ಹೋಗಿ ಎಲ್ಲಾ ತೋರಿಸ್ತೀನಿ ತಂಗಿ,” ಎಂದೂ ಮೊಮ್ಮಗಳಿಗೆ ಹೇಳಿದ್ದ.

ಅವನನ್ನು ಬಿಟ್ಟೇ ಬಂದಿದ್ದಳು ಶಾಂಭವಿ. ಮುತ್ಯಾನ ಜೊತೆ ರಸ್ತೆಯಲ್ಲಿ ಹೋಗುವುದೆಂದರೆ ಅವಳಿಗೆ ನಾಚಿಕೆ.

ನೂರಾರು ಮಗ್ಗಗಳ ಸದ್ದಿಗೆ ಮುತ್ಯಾನ ಕಿವಿ ಎಂದೋ ಕೆಟ್ಟುಹೋಗಿತ್ತು. ಆ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದೆ ಕೆಲಸದವರೆಲ್ಲ ಕೈಯಲ್ಲೇ ಮಾತಾಡುತ್ತಿದ್ದರು. ಎರಡು ಕೈಗಳ ಬೆರಳು ಚಿವುಟಿ ಆಚೀಚೆ ಎಳೆದರೆ, ಎಳೆ ಹರಿದೈತಿ ಬಾ ಎಂದು. ಮುಷ್ಟಿ ಎತ್ತಿದರೆ, ಮಗ್ಗ ನಿಲ್ಲಿಸು ಎಂದು. ಮನೆಯಲ್ಲಿ ಅಜ್ಜಿ ಬಂಡೆಮ್ಮ ಅವನನ್ನು ಊಟಕ್ಕೆ ಬಾ ಎಂದು ಕರೆಯುವುದೂ ಹಾಗೆ ಬೆರಳು ಚಿವುಟಿ ಎಳೆದೇ.

ಹೋದ ವಾರ ಮುತ್ಯಾ ಶಾಲೆಯ ಗೇಟಿನೆದುರು ನಿಂತು ರಸ್ತೆಯಾಚೆಯಿಂದ ಕೈಮಾತಾಡಿದ. ಪಕ್ಕದ ಬೆಂಚಿನ ಲಹರಿ ಅದನ್ನೇ ಅಣಕಿಸಿ ತೋರಿಸಿದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು.

“ಸಾಲಿ ಹತ್ರ ಬಂದು ಕೈ ಮಾಡಬ್ಯಾಡ ಮುತ್ಯಾ. ನನಗ ಭಾಳ ನಾಚಿಕಿ ಆಗ್ತೈತಿ!” ಎಂದು ಶಾಂಭವಿ ಮನೆಗೆ ಬಂದು ಸಿಡುಕಿದ್ದಳು.

ಮುತ್ಯಾ ಅವಳ ತುಟಿಗಳನ್ನೇ ನೋಡಿ ಅರ್ಥ ಮಾಡಿಕೊಂಡ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅಂದಿನಿಂದ ಶಾಲೆಯ ಹತ್ತಿರ ಅವನು ನಿಲ್ಲುವುದೇ ಹಾಗೆ.

ಧಡಾರ್!

ಈ ಸಲ ಹಿಂದಿನ ಗೋಡೆಯೇ ಕುಸಿಯಿತು. ಅವಳು ನುಸುಳಿ ಬಂದಿದ್ದ ಕಂಡಿ ಇಟ್ಟಿಗೆಯ ರಾಶಿಯಲ್ಲಿ ಮುಚ್ಚಿಹೋಯಿತು. ಮುಂದಿನ ಬಾಗಿಲಿಗೆ ಓಡಿದಳು. ಹೊರಗಿನಿಂದ ಬೀಗ! ತುಕ್ಕು ಹಿಡಿದ ಬಾಗಿಲನ್ನು ಗುದ್ದಿದಳು, ಒದ್ದಳು. ಅದು ಜಗ್ಗಲಿಲ್ಲ.

“ಯಾರರೆ ಬರ್ರಿ! ನಾ ಒಳಗ ಅದೀನಿ!”

ತನ್ನ ಕೂಗು ತನಗೇ ಕೇಳಿಸಲಿಲ್ಲ. ಬಾಯಿಯ ತುಂಬ ಧೂಳು. ತಾನು ಇಲ್ಲಿರುವುದು ಯಾರಿಗೂ ಗೊತ್ತಿಲ್ಲ. ಯಾರಿಗೂ ಹೇಳಿ ಬಂದಿಲ್ಲವಲ್ಲ!

ಸರಳಿನ ಕಿಟಕಿಗೆ ಮುಖವಿಟ್ಟು ನೋಡಿದಳು. ಜೆಸಿಬಿ ಮೆಲ್ಲಗೆ ತಿರುಗಿ ಇತ್ತಲೇ ಬರುತ್ತಿತ್ತು. ಅದರಾಚೆ ಗೇಟಿನ ಬಳಿ ಬಿಳಿ ಟೊಪ್ಪಿಗೆಯ ಒಬ್ಬರು ಅತ್ತಿತ್ತ ಹುಡುಕುತ್ತ ನಿಂತಿದ್ದರು. ಮುತ್ಯಾ!

“ಮುತ್ಯಾ! ಮುತ್ಯಾ!”

ಕಿವಿ ಇದ್ದವರಿಗೇ ಕೇಳದ ಕೂಗು ಅವನಿಗೆ ಹೇಗೆ ಕೇಳೀತು? ಶಾಂಭವಿಗೆ ಅಳು ಉಕ್ಕಿ ಬಂತು. ಜೆಸಿಬಿಯ ಹಲ್ಲುಗಳು ಮೇಲೆದ್ದವು.

ಅವಳು ಕೂಗುವುದನ್ನು ಬಿಟ್ಟಳು. ಸರಳುಗಳ ನಡುವೆ ತೋಳನ್ನು ಭುಜದವರೆಗೆ ತೂರಿಸಿದಳು. ಮುಷ್ಟಿ ಕಟ್ಟಿ ಮೇಲೆತ್ತಿದಳು.

ನಿಲ್ಲಿಸು.

ಮುತ್ಯಾನ ತಲೆ ಥಟ್ಟನೆ ತಿರುಗಿತು. ಮೊಣಕಾಲು ನೋವೆಂದು ಮೂರು ಮೆಟ್ಟಿಲು ಹತ್ತಲೂ ನರಳುವ ಮುತ್ಯಾ ಓಡಿದ! ಹೋಗಿ ಜೆಸಿಬಿಯ ಎದುರಿಗೇ ನಿಂತ. ಎರಡೂ ಮುಷ್ಟಿ ಎತ್ತಿ ಹಿಡಿದ.

ಜೆಸಿಬಿ ಗಕ್ಕನೆ ನಿಂತಿತು.

“ಅರೇ ಬುಡ್ಢೇ, ಮರ್ನಾ ಹೈ ಕ್ಯಾ?” ಸಾಯಬೇಕೇನು ಎಂದು ಡ್ರೈವರ್ ಹಿಂದಿಯಲ್ಲಿ ಕೂಗಾಡಿದ.

“ಅಂದರ್ ಬಚ್ಚಿ ಹೈ! ನಮ್ಮ ಹುಡುಗಿ ಒಳಗೈತಿ!” ಮುತ್ಯಾ ಶೆಡ್ಡಿನತ್ತ ಕೈ ತೋರಿಸಿದ.

ಬೀಗ ಒಡೆದರು. ಮುತ್ಯಾ ಒಳಗೆ ನುಗ್ಗಿದ. ಅವಳ ತಲೆ, ತೋಳು, ಕಾಲು ಎಲ್ಲ ಮುಟ್ಟಿ ಮುಟ್ಟಿ ನೋಡಿದ.

ಬೈಯುವ ಕೆಲಸವನ್ನು ಬಂಡೆಮ್ಮ ನೋಡಿಕೊಂಡಳು. ರಾತ್ರಿ ಊಟದ ತನಕ ಬೈದಳು. ಶಾಂಭವಿ ಮುತ್ಯಾನೆದುರು ಕೂತು, ತುಟಿ ಕಾಣುವಂತೆ ನಿಧಾನವಾಗಿ ಕೇಳಿದಳು. “ಅಷ್ಟು ದೂರದಿಂದ ನನ್ನ ಕೈ ಹೆಂಗ ಕಂಡ್ತು ಮುತ್ಯಾ?”

“ಮೂವತ್ತು ವರ್ಷ ಅದನ್ನಽ ನೋಡೀನಿ. ಮುಷ್ಟಿ ಎದ್ದಿತಂದ್ರ, ಯಾರದೋ ಕೈ ಮಗ್ಗದಾಗ ಸಿಕ್ಕೈತಿ ಅಂತ.”

ಶಾಂಭವಿ ಮ್ಯಾಪ್ ಮುಗಿಸಿದಳು. ಅಲ್ಲಿಯವರೆಗೆ ‘ಖಾಲಿ ಜಾಗ’ ಎಂದು ಬರೆದಿದ್ದ ಚೌಕವನ್ನು ಅಳಿಸಿ, ‘ಮುತ್ಯಾನ ಮಗ್ಗದ ಶೆಡ್’ ಎಂದು ಬರೆದಳು.

ಸೋಮವಾರ ಸಂಜೆ ಗೇಟಿನಲ್ಲಿ ಮಕ್ಕಳ ಗದ್ದಲ, ಆಟೋಗಳ ಹಾರ್ನ್. ರಸ್ತೆಯಾಚೆ ಮುತ್ಯಾ ನಿಂತಿದ್ದ, ಎರಡೂ ಕೈ ಬೆನ್ನ ಹಿಂದೆ.

ಲಹರಿ ಪಕ್ಕದಲ್ಲೇ ಇದ್ದಳು. ಶಾಂಭವಿ ಬ್ಯಾಗನ್ನು ಕೆಳಗಿಟ್ಟಳು. ಕೈಗಳನ್ನು ತಲೆಗಿಂತ ಮೇಲೆತ್ತಿ, ಎಲ್ಲರಿಗೂ ಕಾಣುವಂತೆ, ಬೆರಳು ಚಿವುಟಿ ಆಚೀಚೆ ಎಳೆದಳು.

“ಏನೇ ಅದು?” ಲಹರಿ ಕಣ್ಣರಳಿಸಿದಳು.

“ಬಾ ಅಂತ ಕರಿಯಾಕತ್ತೀನಿ. ನಮ್ಮ ಮುತ್ಯಾನ್ನ.”

ರಸ್ತೆಯಾಚೆ, ಬೆನ್ನ ಹಿಂದಿನಿಂದ ಮುತ್ಯಾನ ಕೈಗಳು ಮೆಲ್ಲಗೆ ಹೊರಗೆ ಬಂದವು.