ಉಣ್ಣೆಯ ಮನೆ ಸೋರುತ್ತದೆಯೇ?

“ಒಳಕ್ಕೋಗು, ಹಾಳಾದ್ದೇ!” ಎಂದು ಬೈಯುತ್ತ ಲಕ್ಕಮ್ಮ ತನ್ನ ಕರಿ ಕಂಬಳಿಯನ್ನು ಶಾಲೆಯ ಪಕ್ಕದ ಜಾಲಿಮುಳ್ಳಿನ ಬೇಲಿಗೆ ತುರುಕಿದಳು. ಅದು ಹೋಗಲಿಲ್ಲ. ಕಾಲಿನಿಂದ ಒತ್ತಿದಳು. ಪರ್ ಎಂದು ಸದ್ದಾಯಿತು. ನೋಡಲು ಪುರಸೊತ್ತೆಲ್ಲಿ? ಗಂಟೆ ಹೊಡೆದಾಗಿತ್ತು.

ಆವತಿ ಹಳ್ಳಿಯಲ್ಲಿ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಅಜ್ಜಿ ಕಂಬಳಿಯನ್ನು ಕೊಪ್ಪೆ ಮಾಡಿ ಲಕ್ಕಮ್ಮನ ತಲೆಗೆ ಹಾಕಿ ಕಳಿಸಿದ್ದಳು. ಅಜ್ಜಿ ನೂತ ನೂಲು, ಅಪ್ಪ ನೇಯ್ದ ಕಂಬಳಿ. ಅಪ್ಪ ಈಗ ಯುದ್ಧದ ಸಿಪಾಯಿಗಳಿಗೆಂದು ಅಂಥವೇ ಕಂಬಳಿಗಳನ್ನು ಹೊತ್ತು ಬೆಂಗಳೂರಿಗೆ ಹೋಗಿದ್ದ.

ಆದರೆ ಅವಳ ಕ್ಲಾಸಿನ ಪಿಳ್ಳಣ್ಣನಿಗೆ ಇದೆಲ್ಲ ಏನು ಗೊತ್ತು? ಅವನ ಹತ್ತಿರ ಹೊಸ ಕೊಡೆಯಿತ್ತು. ಹೋದ ವಾರ ಮಳೆಯಲ್ಲಿ ಲಕ್ಕಮ್ಮನನ್ನು ಕಂಡವನೇ, “ಬ್ಯಾ! ಕುರಿ ಬಂತು ಕಣ್ರೋ! ಥೂ, ವಾಸ್ನೆ!” ಎಂದಿದ್ದ. ಇಡೀ ಕ್ಲಾಸು ನಕ್ಕಿತ್ತು.

ಇವತ್ತು ಕ್ಲಾಸಿನಲ್ಲಿ ಹನುಮಂತರಾಯಪ್ಪ ಮೇಷ್ಟ್ರು ಗೋಡೆಗೆ ದೊಡ್ಡ ಮ್ಯಾಪು ತೂಗುಹಾಕಿದರು.

“ಇವರು ಮಂಗೋಲರು. ಏಳುನೂರು ವರ್ಷದ ಹಿಂದೆ ಇಲ್ಲಿಂದ ಅಲ್ಲೀವರೆಗೂ ಆಳಿದವರು,” ಎಂದು ಬೆತ್ತವನ್ನು ಮ್ಯಾಪಿನ ಉದ್ದಕ್ಕೂ ಎಳೆದರು.

“ಅವರ ಅರಮನೆ ಎಷ್ಟು ದೊಡ್ಡದಿತ್ತು ಸಾ?” ಪಿಳ್ಳಣ್ಣ ಕೇಳಿದ.

“ಕುರಿ, ಕುದುರೆ ಹಿಂದೆ ಊರೂರು ಹೋಗೋರಿಗೆ ಅರಮನೆ ಯಾಕೋ? ಕುರಿ ಉಣ್ಣೆ ಬಡಿದು, ನೆನೆಸಿ, ಸುರುಳಿ ಸುತ್ತಿ, ಕುದುರೆ ಕೈಲಿ ಎಳೆಸೋರು. ಕಂಬಳಿಗಿಂತ ದಪ್ಪನೆ ಹಾಸು ಆಗೋದು. ಅದನ್ನ ಮರದ ಚೌಕಟ್ಟಿಗೆ ಹೊದಿಸಿದ್ರೆ ಮನೆ! ಅವರ ರಾಜ ಖಾನನಿಗೂ ಅಂಥದ್ದೇ ಮನೆ. ಆಕಾಶವೇ ಅವರ ದೊಡ್ಡ ದೇವರು. ಹಾಲು ಚಿಮುಕಿಸಿ ಕೈ ಮುಗಿಯೋರು. ಮನೆ ಹೊಸ್ತಿಲು ಮಾತ್ರ ಯಾರೂ ತುಳಿಯೋ ಹಾಗಿಲ್ಲ.”

ಲಕ್ಕಮ್ಮ ನೆಟ್ಟಗೆ ಕುಳಿತಳು. ಹೊಸ್ತಿಲು ತುಳಿದರೆ ಅಜ್ಜಿಯೂ ಬೈಯುತ್ತಿದ್ದಳು. ಹಬ್ಬದ ದಿನ ಕುರಿಹಟ್ಟಿಯಲ್ಲಿ ಹಾಲು ಚಿಮುಕಿಸುತ್ತಿದ್ದಳು. ಅಷ್ಟು ದೊಡ್ಡ ರಾಜರು ನಮ್ಮ ಹಾಗೆಯೇ ಕುರಿ ಸಾಕಿದವರೇ!

“ಉಣ್ಣೆ ಮನೆಯಾ?” ಪಿಳ್ಳಣ್ಣ ಕಿಸಕ್ಕನೆ ನಕ್ಕ. “ಮಳೆ ಬಂದ್ರೆ ಸೋರಲ್ವಾ ಸಾ?”

ಮೇಷ್ಟ್ರು ತಲೆ ಕೆರೆದುಕೊಂಡರು. “ಪುಸ್ತಕದಲ್ಲಿ ಅದು ಬರ್ದಿಲ್ಲ ಕಣೋ.”

ಲಕ್ಕಮ್ಮನಿಗೆ ಗೊತ್ತಿತ್ತು. ಆದರೆ ಹೇಳಿದರೆ ಕಂಬಳಿ ತಂದು ತೋರಿಸಬೇಕು. ಮತ್ತೆ ಎಲ್ಲರೂ ಬ್ಯಾ ಎನ್ನುತ್ತಾರೆ. ಸುಮ್ಮನಿದ್ದರೆ ಆ ರಾಜರನ್ನೂ ಆಡಿಕೊಂಡು ನಗುತ್ತಾರೆ.

“ಸೋರಲ್ಲ ಸಾ!” ಎಂದವಳೇ ಹೊರಗೆ ಓಡಿದಳು.

ಬೇಲಿಯಿಂದ ಕಂಬಳಿ ಬಂತು. ಇಬ್ಬರು ಹುಡುಗರು ಅದನ್ನು ಶಾಲೆಯ ಜಗಲಿಯಲ್ಲಿ ಓರೆಯಾಗಿ ಎಳೆದು ಹಿಡಿದರು.

“ಪಿಳ್ಳಣ್ಣ, ಕೆಳಗೆ ಕೂತ್ಕೋ,” ಎಂದಳು ಲಕ್ಕಮ್ಮ.

ಸೂರಿನಡಿ ತುಂಬಿದ್ದ ಒಂದು ಕೊಡ ನೀರು ಎತ್ತಿ ಕಂಬಳಿಯ ಮೇಲೆ ಸುರಿದಳು. ನೀರು ಜಾರಿ ಅಂಗಳಕ್ಕೆ ಬಿತ್ತು. ಇನ್ನೊಂದು ಕೊಡ. ಅದೂ ಜಾರಿತು. ಮಕ್ಕಳೆಲ್ಲ ಹೋ ಎಂದರು.

“ಅಯ್ಯೋ! ಮೂಗಿನ ಮೇಲೆ ಬಿತ್ತು! ಸೋರ್ತು, ಸೋರ್ತು!” ಪಿಳ್ಳಣ್ಣ ಕೂಗಿದ.

ಲಕ್ಕಮ್ಮನ ಮುಖ ಸಣ್ಣಗಾಯಿತು. ಬಗ್ಗಿ ನೋಡಿದಳು. ಕಂಬಳಿಯ ನಡುವೆ ಬೆರಳು ತೂರುವಷ್ಟು ತೂತು. ಅದರ ಅಂಚಿನಲ್ಲಿ ಒಂದು ಜಾಲಿಮುಳ್ಳು ಇನ್ನೂ ಸಿಕ್ಕಿಕೊಂಡಿತ್ತು. ಅದನ್ನು ಮೆಲ್ಲಗೆ ಕಿತ್ತಳು.

“ಕಂಬಳಿ ಸೋರಿಲ್ಲ ಸಾ. ಈ ತೂತು ನಾನೇ ಮಾಡಿದ್ದು. ನಾಚ್ಕೊಂಡು ಬೇಲೀಲಿ ಬಚ್ಚಿಟ್ಟಿದ್ದೆ.”

ಪಿಳ್ಳಣ್ಣ ತನ್ನ ಅಂಗಿಯನ್ನು ಹಿಂದೆ ಮುಂದೆ ಮುಟ್ಟಿ ನೋಡಿಕೊಂಡ.

“ಮೂಗೊಂದೇ ಕಣೇ ನೆಂದಿದ್ದು,” ಎಂದ. “ನನ್ ಕೊಡೇಲಿ ಬೆನ್ನೆಲ್ಲಾ ನೆನೆಯುತ್ತೆ.”

ಮೇಷ್ಟ್ರು ಜೋರಾಗಿ ನಕ್ಕರು. “ಪುಸ್ತಕದಲ್ಲಿ ಇಲ್ಲದ್ದನ್ನ ನೀನೇ ಪಾಠ ಮಾಡಿದೆಯಲ್ಲಮ್ಮಾ, ಭೇಷ್!”

ಶಾಲೆ ಬಿಡುವಾಗ ಮಳೆ ನಿಂತು ಬಿಸಿಲು ಬಂದಿತ್ತು. ಆದರೂ ಲಕ್ಕಮ್ಮ ಕೊಪ್ಪೆ ಹಾಕಿಕೊಂಡು ಬೀದಿಯ ನಟ್ಟನಡುವೆ ನಡೆದಳು. ಬೆವರು ಇಳಿಯಿತು. ಇಳಿಯಲಿ ಬಿಡು!

ಮನೆಗೆ ಬಂದು ಹೊಸ್ತಿಲು ದಾಟಿ, “ಅಜ್ಜೀ, ದಬ್ಬಳ ಕೊಡು, ನೂಲು ಕೊಡು,” ಎಂದಳು.

ಅಜ್ಜಿ ತೂತಿನೊಳಗೆ ಬೆರಳು ತೂರಿಸಿದಳು. “ಎಲ್ಲಿ ಹರ್ಕೊಂಡೆ ಮಗಾ?”

“ಬೇಲೀಲಿ.”

“ಕಂಬಳಿ ಯಾಕೆ ಬೇಲಿಗೆ ಹೋಗಿತ್ತು?”

ಲಕ್ಕಮ್ಮ ಕಂಬಳಿಯನ್ನು ಮಡಿಲಿಗೆ ಎಳೆದುಕೊಂಡಳು.

“ಇನ್ಮೇಲೆ ಹೋಗಲ್ಲ ಅಜ್ಜಿ,” ಎಂದು ದಬ್ಬಳಕ್ಕೆ ನೂಲು ಪೋಣಿಸಿದಳು.